ಬೇಲಿ ಹಾರಿದ ಬಳುವಳಿ ಕುರಿ

ಒಂದು ಊರಿತ್ತಂತೆ. ಊರಿನ ಮೂಡಣಕ್ಕೆ ಒಂದು ಬೋಳು ಗುಡ್ಡ, ಪಡುವಣಕ್ಕೆ ಒಂದು ಹಳ್ಳ, ನಡುವೆ ಒಬ್ಬ ರಾಜ. ರಾಜ ಕೆಟ್ಟವನೇನಲ್ಲ. ಮನಸ್ಸಿಗೆ ಹಿತವಾದರೆ ಸಾಕು, ಎದುರಿಗೆ ಯಾರಿದ್ದರೋ ಅವರಿಗೆ ಏನಾದರೂ ಕೊಟ್ಟುಬಿಡುವ ಕೈ ಅವನದು.

ಆ ಊರಲ್ಲಿ ಕುರುಬರ ಅಮೋಗೆಪ್ಪ ಅಂತ ಒಬ್ಬನಿದ್ದ. ಅವನ ಹೆಂಡತಿ ಕೆಂಚವ್ವ, ಮಗ ಜಕ್ಕಪ್ಪ. ಅವರ ಹತ್ತಿರ ಒಂದು ಕುರಿ ಹಿಂಡು. ಎಂಥ ಕುರಿ ಅಂತೀರಿ, ಕಾಡಿಗೆ ಬಳಿದಂಥ ಕಪ್ಪು. ಆ ಉಣ್ಣೆಯನ್ನು ಕೆಂಚವ್ವ ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಕಂಬಳಿ ನೇಯುತ್ತಿದ್ದಳು. ಮಳೆ ಹನಿ ಬಿದ್ದರೆ ಮುತ್ತಿನ ಹಾಗೆ ಉರುಳಿ ಕೆಳಗೆ ಹೋಗಬೇಕು, ಅಂಥ ಕಂಬಳಿ. ಅದಕ್ಕೆ ಬಣ್ಣ ಹಾಕಿದ್ದೀಯಾ ಅಂತ ಯಾರಾದರೂ ಕೇಳಿದರೆ ಕೆಂಚವ್ವನಿಗೆ ಬೈದಷ್ಟು ಸಿಟ್ಟು. "ನನ್ನ ಕುರಿ ಹುಟ್ಟಾ ಬಣ್ಣ ಹೊತ್ಕೊಂಡು ಹುಟ್ಟ್ಯಾವ. ನಾನ್ಯಾಕ ಹಾಕಲಿ?" ಅನ್ನುತ್ತಿದ್ದಳಂತೆ.

ಅವರು ಒಂದೇ ಕಡೆ ನಿಲ್ಲುವ ಜನ ಅಲ್ಲ. ಸುಗ್ಗಿ ಮುಗಿಯುತ್ತಲೇ ಕತ್ತೆಯ ಬೆನ್ನ ಮೇಲೆ ಗಂಟುಮೂಟೆ ಹೇರಿ, ಮೂಡಣದ ಗುಡ್ಡ ಹತ್ತಿ ಆಚೆ ಇಳಿಯುವುದು. ಹೊಲದವರ ಹೊಲದಲ್ಲಿ ಮಂದೆ ನಿಲ್ಲಿಸುವುದು. ಕುರಿ ಹಿಕ್ಕೆ ಹಾಕಬೇಕು, ಹೊಲಕ್ಕೆ ಗೊಬ್ಬರವಾಗಬೇಕು, ಹೊಲದವರು ಜೋಳ ಕೊಡಬೇಕು. ಹೀಗೆ ಸುತ್ತಿ ಸುತ್ತಿ ಮಳೆ ಹಿಡಿಯುವ ಹೊತ್ತಿಗೆ ಮತ್ತೆ ಅದೇ ಗುಡ್ಡ ಇಳಿದು ಊರಿಗೆ. ಅಪ್ಪನ ಕಾಲದಿಂದ, ಅಜ್ಜನ ಕಾಲದಿಂದ, ಅವರಜ್ಜನ ಕಾಲದಿಂದಲೂ ಹೀಗೇ.

ಒಂದು ಚಳಿಗಾಲ ರಾಜ ಆ ಕಂಬಳಿ ಹೊದ್ದು ಮಲಗಿದನಂತೆ. ಎಷ್ಟು ಹಿತವಾಯಿತು ಅಂದರೆ ಬೆಳಗಾಗುತ್ತಲೇ ಅಮೋಗೆಪ್ಪನನ್ನು ಕರೆಸಿದ.

"ಇಂಥ ಕುರಿಗಳನ್ನು ಬಿಸಿಲಲ್ಲಿ, ಕಲ್ಲಲ್ಲಿ ಅಲೆಸುತ್ತೀಯಲ್ಲೋ. ಹಳ್ಳದ ದಂಡೆಯ ಹುಲ್ಲುಗಾವಲು ನಿನಗೆ ಕೊಟ್ಟೆ. ಸುತ್ತ ಬೇಲಿ ಹಾಕಿಸಿಕೊಡುತ್ತೇನೆ. ವರ್ಷಕ್ಕೊಂದು ಕರಿ ಕಂಬಳಿ ನನ್ನ ಗದ್ದುಗೆಗೆ ತಂದು ಹಾಸು, ಸಾಕು. ಆದರೆ ಒಂದು ಮಾತು, ಕುರಿ ಬೇಲಿ ದಾಟಬಾರದು. ಉಪ್ಪರಿಗೆ ಮೇಲೆ ನಿಂತಾಗ ಹಸಿರು ಹುಲ್ಲಿನ ಮೇಲೆ ಕರಿ ಕುರಿ ನನ್ನ ಕಣ್ಣಿಗೆ ಕಾಣುತ್ತಿರಬೇಕು."

ಅಮೋಗೆಪ್ಪ ಮೀಸೆ ತಿರುವಿಕೊಂಡು ಮನೆಗೆ ಬಂದ. ಅಲೆದಾಟ ಮುಗಿಯಿತು ಅಂತ ಕೆಂಚವ್ವನಿಗೂ ಸಂತೋಷ. ಮೊದಲ ವರ್ಷ ಎಲ್ಲ ಸರಿಯಾಗೇ ಇತ್ತಂತೆ. ಕುರಿ ತಿಂದು ತಿಂದು ದುಂಡಗಾದವು. ಎರಡನೇ ವರ್ಷ ಜಕ್ಕಪ್ಪನ ಮದುವೆ ಮಾಡಿದರು. ಹುಡುಗಿ ಗುಡ್ಡದಾಚೆಯ ಕುರುಬರ ಮಗಳು, ಹೆಸರು ಮಾಳವ್ವ. ತವರಿನವರು ಬಳುವಳಿ ಅಂತ ಅವಳ ಜೊತೆ ಒಂದು ಹೆಣ್ಣು ಕುರಿ ಕಳಿಸಿದ್ದರು. ಹಣೆಯ ಮೇಲೆ ಒಂದು ಬಿಳಿ ಚುಕ್ಕೆ ಇತ್ತು, ಅದಕ್ಕೇ ಅದರ ಹೆಸರು ಬೊಟ್ಟಿ.

ಮಾಳವ್ವ ಹೊಸ್ತಿಲು ದಾಟಿ ಒಳಗೆ ಬಂದಳು. ಅದೇ ವರ್ಷ ಕುರಿಗಳಿಗೆ ಕೇಡು ಶುರುವಾಯಿತು.

ಕುರಿ ಈದವು. ಮರಿ ಹುಟ್ಟಿದವು, ಕಣ್ಣು ಬಿಟ್ಟವು, ಬ್ಯಾ ಅಂದವು. ಎದ್ದು ನಿಲ್ಲಲಿಕ್ಕೆ ಹೋದವು ನೋಡಿ, ಮುಂಗಾಲು ಎದ್ದಿತು, ಹಿಂಗಾಲು ಕುಡಿದವನ ಕಾಲಿನ ಹಾಗೆ ಅತ್ತ ಓಲಿತು, ಇತ್ತ ಓಲಿತು, ದೊಪ್ಪನೆ ಬಿತ್ತು. ಒಂದು ಮರಿ ಹಾಗಾದರೆ ಹೋಗಲಿ ಅನ್ನಬಹುದು. ನೋಡಿದ ಮರಿ ಎಲ್ಲ ಹಾಗೇ. ತಾಯಿಯ ಕೆಚ್ಚಲು ಮುಟ್ಟಲಾರದೆ ಎಷ್ಟೋ ಮರಿ ಸತ್ತುಹೋದವಂತೆ.

ಅಷ್ಟೇ ಆಗಿದ್ದರೆ ಬೇರೆ. ಉಣ್ಣೆ ಕತ್ತರಿಸುವ ದಿನ ಬಂತು. ಕೆಂಚವ್ವ ಒಂದು ಹಿಡಿ ಉಣ್ಣೆ ತಗೊಂಡು ಬೆರಳಲ್ಲಿ ಹಿಂಜಿದಳು. ಕಾಡಿಗೆ ಕಪ್ಪು ಎಲ್ಲಿ ಹೋಯಿತೋ, ಮಳೆಯಲ್ಲಿ ಬಿಟ್ಟ ಕುಡುಗೋಲಿನ ತುಕ್ಕಿನ ಬಣ್ಣ. ಮೊದಲಿನ ಸುರುಳಿ ಇಲ್ಲ, ಮೆತ್ತಗಿನ ಸೊಬಗಿಲ್ಲ, ಒಣಗಿದ ಹುಲ್ಲಿನ ಹಾಗೆ ನೆಟ್ಟಗೆ. ಅದನ್ನೇ ನೂತು ನೇಯ್ದು ಕೊಟ್ಟದ್ದಾಯಿತು. ರಾಜ ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ನಾನು ಕೇಳಿದ್ದು ಕಂಬಳಿ. ನೀನು ನರಿಯ ಚರ್ಮ ತಂದಿದ್ದೀಯ. ಬರುವ ವರ್ಷ ಕಪ್ಪು ಕಂಬಳಿ ಬರಲಿಲ್ಲವೋ, ಹುಲ್ಲುಗಾವಲು ಬಿಡು, ಊರೂ ಬಿಡು" ಅಂದನಂತೆ.

ಕೆಂಚವ್ವ ಮನೆಗೆ ಬಂದವಳೇ ಸೊಸೆಯ ಮುಂದೆ ಕಾಲು ಚಾಚಿ ಕೂತಳು.

"ಅಲ್ಲವಾ ಮಾರಾಯ್ತಿ, ನಿನ್ನ ಕಾಲು ನಮ್ಮನಿ ಒಳಗ ಬಂತು, ನಮ್ಮ ಮರಿಗಳ ಕಾಲು ಹೊರಗ ಹ್ವಾದವು. ಇದಕ್ಕ ಏನಂತಿ?"

ಮಾಳವ್ವ ಹಿಟ್ಟು ನಾದುತ್ತಿದ್ದಳು, ನಾದುತ್ತಲೇ ಇದ್ದಳು.

"ಕೇಳಿಸ್ಕೊ. ಮುಂದಿನ ಸಾರಿ ಕುರಿ ಈದಾಗ ಮರಿ ನೆಟ್ಟಗ ನಿಂತರ ನೀ ಈ ಮನಿ ಸೊಸಿ. ಮತ್ತ ಓಲಾಡಿದರ ನಿನ್ನ ತವರಿನ ಹಾದಿ ನಿನಗ. ನನ್ನ ಮಗಗ ಬ್ಯಾರೆ ಹೆಣ್ಣು ನೋಡತೀನಿ."

ಜಕ್ಕಪ್ಪ ಬಾಗಿಲ ಹೊರಗೇ ಕೂತು ಹಗ್ಗ ಹೊಸೆಯುತ್ತಿದ್ದ. ಒಳ್ಳೆಯವನೇ, ಹೆಂಡತಿ ಅಂದರೆ ಜೀವ. ಆದರೆ ಅವ್ವ ಮಾತಾಡಲಿಕ್ಕೆ ಶುರು ಮಾಡಿದರೆ ಅವನ ನಾಲಗೆ ಹಗ್ಗದ ಜೊತೆಯೇ ಗಂಟು ಬೀಳುತ್ತಿತ್ತು.

ಇನ್ನು ಬೊಟ್ಟಿಯ ವಿಷಯ. ಆ ಕುರಿಗೆ ಬೇಲಿ ಅಂದರೆ ಆಟ. ಹೊತ್ತೇರಿದರೆ ಸಾಕು, ಹಾರಿ ಗುಡ್ಡಕ್ಕೆ ಓಡುವುದು, ಸಂಜೆಗೆ ತಾನೇ ಬರುವುದು. ಕೊರಳಿಗೆ ಭಾರದ ಕಟ್ಟಿಗೆ ತುಂಡು ಕಟ್ಟಿದರು. ಕಟ್ಟಿಗೆ ಸಮೇತ ಹಾರಿತು. ಮಜಾ ಏನಂದರೆ, ಹಿಂಡಿನ ಉಳಿದ ಕುರಿಗಳ ಮರಿ ಎಲ್ಲ ಓಲಾಡಿ ಬಿದ್ದಾಗ ಬೊಟ್ಟಿಯ ಮರಿ ಮಾತ್ರ ಹುಟ್ಟಿದ ಗಳಿಗೆಯಲ್ಲೇ ಎದ್ದು, ತಾಯಿ ಹಾಲು ಕುಡಿದು, ಸಂಜೆಯೊಳಗೆ ಕಲ್ಲಿಂದ ಕಲ್ಲಿಗೆ ಜಿಗಿಯಿತಂತೆ. ಅದರ ಮೈಮೇಲಿನ ಉಣ್ಣೆಯೂ ಕಾಗೆಯ ರೆಕ್ಕೆಯ ಹಾಗೆ. ಅದನ್ನು ಕಂಡು ಕೆಂಚವ್ವನಿಗೆ ಇನ್ನೂ ಉರಿ.

"ನೋಡ್ರಿ ಬೇಕಾದರ. ನಮ್ಮ ಕುರಿಗಳ ದೈವ ಎಲ್ಲಾ ಆಕಿ ಕುರಿ ಹೀರಿಬಿಟ್ಟೈತಿ. ಒಡತಿ ಎಂಥಾಕಿಯೋ ಕುರಿನೂ ಅಂಥಾದ್ದ."

ಒಂದು ಮಧ್ಯಾಹ್ನ ಮಾಳವ್ವ ಹಳ್ಳಕ್ಕೆ ನೀರಿಗೆ ಹೋದಳು. ಕೊಡ ತುಂಬಲಿಲ್ಲ, ಕಣ್ಣು ತುಂಬಿತು. ಹಿಂದೆ ಯಾರೋ ಕೆಮ್ಮಿದ ಹಾಗಾಯಿತು. ತಿರುಗಿ ನೋಡಿದರೆ ಬೊಟ್ಟಿ.

"ಅತ್ತರ ಕೊಡ ಲಗೂ ತುಂಬತೈತೇನು?" ಅಂತು ಕುರಿ.

ಮಾತಾಡುವ ಕುರಿ ಕಂಡರೆ ನೀವು ನಾವು ಓಡಿಹೋಗುತ್ತೇವೆ. ಮಾಳವ್ವನಿಗೆ ಹೆದರಲಿಕ್ಕೂ ಪುರುಸೊತ್ತಿರಲಿಲ್ಲ. ಮನೆಯಲ್ಲಿ ಒಬ್ಬರೂ ಮಾತಾಡಿಸದೆ ಎಷ್ಟೋ ದಿನವಾಗಿತ್ತು, ಕುರಿಯಾದರೂ ಮಾತಾಡಿಸಿತಲ್ಲ ಅನ್ನಿಸಿತಂತೆ.

"ನಿನ್ನ ಮರಿ ನಿಂತಿತು, ಅವರ ಮರಿ ಬಿದ್ದವು. ನೀ ಏನ ತಿಂತಿ, ಹೇಳು."

"ಕೊರಳಾಗಿಂದು ಬಿಚ್ಚು. ಬೆನ್ನ ಹಿಂದ ಬಾ. ನಿನ್ನ ಕಣ್ಣಿಲೆ ನೋಡು."

ಮಾಳವ್ವ ಕಟ್ಟಿಗೆ ಬಿಚ್ಚಿದಳು. ಕುರಿ ಮುಂದೆ, ಅವಳು ಹಿಂದೆ. ಬೇಲಿಯ ಸಂದಿಯಲ್ಲಿ ನುಸುಳುವಾಗ ಸೀರೆ ಹರಿಯಿತು. ಗುಡ್ಡ ಹತ್ತಿದರು. ಮೇಲೆ ಒಂದು ಕಡೆ ಬಂಡೆಯ ಮೈಗೆ ಪಾಚಿ ಕಟ್ಟಿದ ಹಾಗೆ ಹಸಿರು. ಮುಟ್ಟಿದರೆ ಪಾಚಿಯಲ್ಲ, ಕಲ್ಲೇ ಹಸಿರು. ಹಳೇ ತಾಮ್ರದ ತಂಬಿಗೆಯನ್ನು ಉಜ್ಜದೆ ಬಿಟ್ಟರೆ ಅಂಚಿಗೆ ಕಟ್ಟುತ್ತದಲ್ಲ, ಅಂಥ ಹಸಿರು. ಅದರ ಬುಡದಲ್ಲಿ ಕುರುಚಲು ಗಿಡ. ಬೊಟ್ಟಿ ಒಂದು ಗಿಡದ ಚಿಗುರು ಕಡಿಯಿತು, ಬಂಡೆಯ ಮಣ್ಣಿಗೆ ನಾಲಗೆ ಹಚ್ಚಿತು, ಮುಂದೆ ನಡೆಯಿತು. ಇನ್ನೊಂದು ಕಡೆ ಇನ್ನೇನೋ ಮೇಯಿತು, ಮುಂದೆ ನಡೆಯಿತು.

"ಏನಿದು?" ಅಂದಳು ಮಾಳವ್ವ.

"ನನಗೇನು ಗೊತ್ತು. ಮೈ ಬೇಡತೈತಿ, ನಾಲಿಗಿ ಹುಡುಕತೈತಿ. ಬಸುರಿ ಹೆಂಗಸರು ಒಲಿ ಮಣ್ಣು ಕೆರಕೊಂಡು ತಿಂತಾರಲ್ಲ, ಯಾಕಂತ ಅವರಿಗೆ ಗೊತ್ತೇನು?"

"ನಾ ಇನ್ನಾ ಬಸುರಾಗಿಲ್ಲ."

"ಮನಿಯಾಗ ಉಳದರ ಆಗತಿ. ಮೊದಲ ಉಳಿಯೂದು ನೋಡು."

ಮಾಳವ್ವನಿಗೆ ನಗು ಬಂತು. ಎಷ್ಟು ದಿನದ ಮೇಲೋ. ಆ ಕಲ್ಲಿನ ಒಂದು ಚಕ್ಕೆ ಮುರಿದು ಸೆರಗಿನಲ್ಲಿ ಕಟ್ಟಿಕೊಂಡು ಒಂದೇ ಉಸಿರಿಗೆ ಮನೆಗೆ ಓಡಿದಳು. ಕುರಿ ಹಿಂದಿನಿಂದ ಏನೋ ಹೇಳಲಿಕ್ಕೆ ಬಾಯಿ ತೆರೆದಿತ್ತು. ಆದರೆ ಕೇಳಿಸಿಕೊಳ್ಳುವ ಸಮಾಧಾನ ಆಗ ಅವಳಿಗಿರಲಿಲ್ಲ.

ಮಾವನ ಮುಂದೆ ಚಕ್ಕೆ ಇಟ್ಟಳು. ಅಮೋಗೆಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹೌದಲ್ಲವಾ. ನಮ್ಮಪ್ಪನ ಕಾಲದಿಂದ ಗುಡ್ಡ ದಾಟುವಾಗ ಕುರಿ ಈ ಕಲ್ಲಿಗೆ ಮುಗಿಬೀಳ್ತಿದ್ದವು. ಬಡದು ಮುಂದ ಅಟ್ಟತಿದ್ವಿ."

ಅಮೋಗೆಪ್ಪನದು ಒಂದು ಸ್ವಭಾವ. ಏನೇ ಮಾಡಲಿ, ಕೈ ತುಂಬ ಮಾಡಬೇಕು. ಜಾತ್ರೆಗೆ ಹೋದರೆ ಊರಿಗಾಗುವಷ್ಟು ಬೆಂಡು ಬತ್ತಾಸು ತರುವವನು. ಮರುದಿನವೇ ಕತ್ತೆ ಹೊಡೆದುಕೊಂಡು ಹೋಗಿ ಚೀಲ ತುಂಬಿ ಹಸಿರು ಕಲ್ಲು ಹೇರಿಕೊಂಡು ಬಂದ. ಜಕ್ಕಪ್ಪ ಒರಳಲ್ಲಿ ಹಾಕಿ ಪುಡಿ ಮಾಡಿದ. ಕುರುಬರು ಕುರಿಗೆ ಏನು ತಿನ್ನಿಸಬೇಕಾದರೂ ಉಪ್ಪಿನಲ್ಲಿ ಬೆರೆಸಿ ನೆಕ್ಕಿಸುತ್ತಾರೆ, ಅದು ವಾಡಿಕೆ. ಹಾಗೇ ಕಲ್ಲಿನ ಬಾನಿಯಲ್ಲಿ ಉಪ್ಪು ಸುರಿದು, ಪುಡಿ ಸುರಿದು, ಕಲಸಿ, ದೊಡ್ಡಿಯ ನಡುವೆ ಇಟ್ಟರು.

ಕುರಿ ಬಿದ್ದೂ ಬಿದ್ದೂ ನೆಕ್ಕಿದವು. ಅವತ್ತೂ ನೆಕ್ಕಿದವು, ಮಾರನೇ ದಿನವೂ ನೆಕ್ಕಿದವು, ಬಾನಿ ಬರಿದಾದರೆ ಅಮೋಗೆಪ್ಪ ಮತ್ತೆ ತುಂಬಿಸಿದ. ಕಣ್ಣಿಗೆ ಕಳೆ ಬಂದ ಹಾಗೆ ಕಂಡಿತು. ಕೆಂಚವ್ವ ಕೂಡ ಒಂದು ದಿನ ಸೊಸೆಯ ಗಂಗಾಳಕ್ಕೆ ಒಂದು ಮಿಳ್ಳೆ ತುಪ್ಪ ಬಿಟ್ಟಳಂತೆ.

ಆಮೇಲೆ ಒಂದು ಬೆಳಗ್ಗೆ ನೋಡುತ್ತಾರೆ, ಒಂದು ಕುರಿಯ ಕಣ್ಣು ಅರಿಸಿನ ಹಚ್ಚಿದ ಹಾಗೆ ಹಳದಿ. ಉಚ್ಚೆ ಹೊಯ್ದರೆ ಕಾಚಿನ ನೀರಿನ ಹಾಗೆ ಕರಿಗೆಂಪು. ಸಂಜೆಗೆ ಮಲಗಿತು, ಏಳಲಿಲ್ಲ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಗುಂಡಿ ತೋಡಿ ತೋಡಿ ಜಕ್ಕಪ್ಪನ ಅಂಗೈಗೆ ಬೊಬ್ಬೆ ಬಂದವು. ಅಮೋಗೆಪ್ಪ ಬಾನಿಯನ್ನು ಮಗುಚಿ ಹಾಕಿ, ಅದರ ಮೇಲೆಯೇ ಮುಖ ಕೆಳಗೆ ಮಾಡಿ ಕೂತ. ಚೀಲ ಹೊತ್ತು ತಂದವನು ತಾನು ಅಂತ ಅವನಿಗೆ ಗೊತ್ತಿತ್ತು. ಸೊಸೆ ಕಲ್ಲು ತಂದಳು ಅಂತ ಊರೇ ಹೇಳುವಾಗ ಅವನು ಸುಮ್ಮನೇ ಇದ್ದ.

ಕೆಂಚವ್ವ ಈ ಸಾರಿ ಕಾಲು ಚಾಚಿ ಕೂರಲಿಲ್ಲ. ನಿಂತೇ ಮಾತಾಡಿದಳು.

"ಮರಿ ಹುಟ್ಟೂತನ ಕಾಯಾಕ ಏನೂ ಉಳದಿಲ್ಲ. ಬೆಳಿಗ್ಗಿ ಎದ್ದು ನಡಿ. ಬಳುವಳಿ ಕುರಿ ಹೊಡಕೊಂಡು ಹೋಗು. ತವರಿನ ವಸ್ತು ಇಟ್ಕೊಂಡರ ನಮಗ ದೋಷ."

ಮಾಳವ್ವ ದೊಡ್ಡಿಗೆ ಹೋಗಿ ಬೊಟ್ಟಿಯ ಮಗ್ಗುಲಲ್ಲಿ ಕುಕ್ಕರಿಸಿದಳು.

"ನಿನ್ನ ಮಾತು ಕೇಳಿ ನನ್ನ ಬಾಳೇವು ಹಾಳಾತು. ನೀ ನೆಕ್ಕಿದ ಕಲ್ಲ ಅವೂ ನೆಕ್ಕಿದವು. ನೀ ಬದಕೀದಿ, ಅವು ಸತ್ತವು."

"ನಾ ಎಷ್ಟು ನೆಕ್ಕಿದೆ, ನೋಡಿದೇನು?" ಅಂತು ಬೊಟ್ಟಿ. "ನಾ ನಾಲಿಗಿ ಹಚ್ಚಿ ಮುಂದ ನಡದೆ. ಅಲ್ಲಿ ಒಂದು ಚಿಗುರು, ಇಲ್ಲಿ ಒಂದು ಎಲಿ. ದಿನಕ್ಕ ಉಗುರಿನ ಸಂದಿಗೆ ಸಾಲೂದಿಲ್ಲ, ಅಷ್ಟು. ಇವು ನಿಂತಲ್ಲೇ ನಿಂತು ನೆಕ್ಕಿದವು. ಅದೂ ಕಲ್ಲಿನ ಆಸೆಗಲ್ಲ, ಉಪ್ಪಿನ ಆಸೆಗೆ. ನಾಲಿಗಿಗೆ ಸಾಕು ಅನ್ನಾಕ ಬರತೈತಿ. ಉಪ್ಪು ಹಾಕಿ ನೀವ ಅದರ ಬಾಯಿ ಮುಚ್ಚಿಸಿದ್ರಿ."

ಮಾಳವ್ವ ಮುಂದೆ ನಿಂತ ಕುರಿಗಳನ್ನು ನೋಡಿದಳು. ಉಳಿದವುಗಳಲ್ಲಿ ಹೆಚ್ಚಿನವು ಹೊಸ ಬಸುರು. ಬಾನಿ ತುಂಬಿದಾಗ ದೊಡ್ಡ ಕುರಿಗಳೇ ನುಗ್ಗುತ್ತಿದ್ದವು, ಸಾಧು ಕುರಿಗಳಿಗೆ ಜಾಗ ಸಿಗುತ್ತಿರಲಿಲ್ಲ. ಹಾಗೆ ಬದುಕಿದವು ಅವು. ಬಾನಿ ಹೋಯಿತು, ಗುಡ್ಡಕ್ಕೆ ಬಿಡುವವರಿಲ್ಲ. ಈ ಹೊಟ್ಟೆಗಳಲ್ಲಿ ಇರುವ ಮರಿಗಳೂ ಓಲಾಡುವ ಮರಿಗಳೇ. ತಾನು ಹೋದ ಮೇಲೆ ಕೇಳುವವರು ಯಾರು?

ಬೆಳಗಾಯಿತು. ಗಂಟು ಕಂಕುಳಲ್ಲಿ ಇಟ್ಟುಕೊಂಡು ಬೇಲಿಯ ತಡಿಕೆ ಬಾಗಿಲಿಗೆ ಬಂದಳು. ಕಳಿಸಿಬರಲಿಕ್ಕೆ ಜಕ್ಕಪ್ಪ. ಅವನು ತಡಿಕೆ ಸರಿಸಿದ, ಹೆಂಡತಿಯ ಮುಖ ನೋಡಲಿಲ್ಲ. ಬೊಟ್ಟಿ ಹೊರಗೆ ಕಾಲಿಟ್ಟಿತು.

"ನೀ ಒಬ್ಬಾಕಿನ ಬರತೀಯೋ?" ಅಂತ ಮಾಳವ್ವ ಅದರ ಕಿವಿಯಲ್ಲಿ ಕೇಳಿದಳು.

"ಕರದರ ಇವೂ ಬರತಾವ. ಕರೀಲೇನು?"

ಕರೆದರೆ ಏನಾಗುತ್ತದೆ ಅಂತ ಮಾಳವ್ವನಿಗೆ ಗೊತ್ತು. ರಾಜನ ಮಾತು ಮೀರಿದಂತೆ. ಅತ್ತೆಗೆ ಸೊಸೆ ಬೇಡ ಅನ್ನುವುದು ಒಂದಾದರೆ, ಕುರಿಗಳ್ಳಿ ಅನ್ನಿಸಿಕೊಳ್ಳುವುದು ಬೇರೆ. ಒಂದು ಸಲ ದೊಡ್ಡಿಯ ಕಡೆ ನೋಡಿದಳು.

"ಕರಿ," ಅಂದಳು.

ಬೊಟ್ಟಿ ಕೊರಳೆತ್ತಿ ಒಂದು ಸಲ ಕೂಗಿತು. ಮುಂದಿದ್ದ ಮುದಿ ಕುರಿ ತಲೆ ಎತ್ತಿತು, ಹೊರಟಿತು. ಅದರ ಬಾಲಕ್ಕೆ ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು. ಕುರಿ ಹೊರಟ ಮೇಲೆ ಯಾರ ಮಾತು ಕೇಳುತ್ತದೆ ಹೇಳಿ. ಹಳ್ಳಕ್ಕೆ ಹೊಸ ನೀರು ಬಂದ ಹಾಗೆ ಹಿಂಡೆಲ್ಲ ತಡಿಕೆಯಿಂದ ಹೊರಗೆ ಹರಿಯಿತು. ಅಮೋಗೆಪ್ಪ ಕೋಲು ಅಡ್ಡ ಹಿಡಿದ, ಕೋಲಿನ ಕೆಳಗೆ ನುಸುಳಿದವು. ಕೆಂಚವ್ವ ಸೀರೆಯ ಸೆರಗು ಅಗಲಿಸಿ ನಿಂತಳು, ಸೆರಗು ಕಿತ್ತುಕೊಂಡು ಹೋದವು.

"ಜಕ್ಕ್ಯಾ, ತಿರುಗಸೋ."

ಜಕ್ಕಪ್ಪ ಓಡಿದ. ಹಿಂಡಿನ ಮುಂದಕ್ಕೆ ಹೋದ. ಅಲ್ಲಿ ಹೆಂಡತಿ ನಡೆಯುತ್ತಿದ್ದಳು.

"ತಿರುಗಸ್ತೀಯೇನು?" ಅಂದಳು ಮಾಳವ್ವ.

ಅವನು ಹಿಂದೆ ನೋಡಿದ, ಮುಂದೆ ನೋಡಿದ. "ಅವ್ವ ಕೇಳಿದರ ಓಡಾಕ ಆಗಲಿಲ್ಲ ಅಂತೀನಿ," ಅಂದು ಕೋಲು ಹೆಗಲ ಮೇಲೆ ಇಟ್ಟುಕೊಂಡ.

ಹಿಂಡು ಗುಡ್ಡ ಹತ್ತಿತು. ಹಸಿರು ಬಂಡೆ ಕಂಡದ್ದೇ ಕುರಿಗಳು ಮುತ್ತಿದವು. "ನಿಲ್ಲಾಕ ಬಿಡಬ್ಯಾಡ, ಹೊಡಿ ಮುಂದಕ," ಅಂತ ಮಾಳವ್ವ ಒಂದು ಕಡೆ, ಜಕ್ಕಪ್ಪ ಒಂದು ಕಡೆ ನಿಂತು ಹುಶ್ ಹುಶ್ ಅಂತ ಅಟ್ಟಿದರು. ನಾಲಗೆ ಹಚ್ಚಿದವು ಹಚ್ಚಿದವು, ಉಳಿದವು ಗಿಡಗಳ ಚಿಗುರು ಹರಿದುಕೊಂಡು ನಡೆದವು. ಹಿಂದೆ ಏದುಸಿರು ಬಿಡುತ್ತ ಅಮೋಗೆಪ್ಪ ಬಂದ. ಬೈಯಬೇಕು ಅಂತಲೇ ಬಂದಿದ್ದ. ಆದರೆ ಕಾಲಿಗೆ ಹಳೇ ಹಾದಿ ಸಿಕ್ಕಿತು ನೋಡಿ, ಬಾಯಿ ತಾನೇ ಸಿಳ್ಳೆ ಹಾಕಿತು. ಅಪ್ಪ ಹಾಕುತ್ತಿದ್ದ ಸಿಳ್ಳೆ. ಎಲ್ಲರ ಹಿಂದೆ ಕೆಂಚವ್ವ, ತಲೆಯ ಮೇಲೆ ರೊಟ್ಟಿ ಬುಟ್ಟಿ.

"ನಿಮಗ ರೊಟ್ಟಿ ಬಡಿಯಾಕ ಬಂದೀನಿ. ಇಕಿ ಜೊತಿಗೆ ಬಂದೀನಿ ಅಂತ ತಿಳೀಬ್ಯಾಡ್ರಿ," ಅಂದಳಂತೆ.

ಆ ಹೊತ್ತಿಗೆ ರಾಜ ಊರಲ್ಲಿ ಇರಲಿಲ್ಲ. ಬೀಗರ ಊರಿಗೆ ಹೋದವನು ಅಲ್ಲಿಯ ಉಪಚಾರಕ್ಕೆ ಸೋತು ಉಳಿದುಬಿಟ್ಟಿದ್ದ. ಇವರು ಗುಡ್ಡ ದಾಟಿದರು, ಹೊಲಗಳಲ್ಲಿ ಮಂದೆ ನಿಲ್ಲಿಸಿದರು, ಜೋಳ ತಗೊಂಡರು, ಸುತ್ತಿ ಸುತ್ತಿ ಮತ್ತೆ ಗುಡ್ಡದ ಮೇಲಕ್ಕೆ ಬಂದರು. ತಿಂಗಳುಗಳು ಕಳೆದವು. ಅಷ್ಟು ದಿನವೂ ಕೆಂಚವ್ವ ಸೊಸೆಯ ಜೊತೆ ನೇರ ಮಾತಾಡಲಿಲ್ಲವಂತೆ. "ಯಾರಿಗಾದರೂ ಪಲ್ಯ ಬೇಕಾದರ ಹಾಕ್ಕೊಳ್ಳಿ" ಅಂತ ಗಾಳಿಗೆ ಹೇಳುವಳು. "ಯಾರಾದರೂ ಕೊಟ್ಟರ ನೀರು ಕುಡೀತೀನಿ" ಅಂತ ಮಾಳವ್ವನೂ ಗಾಳಿಗೇ ಹೇಳುವಳು.

ರಾಜ ಊರಿಗೆ ಬಂದ. ಉಪ್ಪರಿಗೆ ಹತ್ತಿದ. ಹಸಿರು ಹುಲ್ಲಿದೆ, ಕರಿ ಕುರಿ ಇಲ್ಲ. ಕುದುರೆ ಹತ್ತಿ ಗುಡ್ಡಕ್ಕೇ ಬಂದ, ಹಿಂದೆ ಇಬ್ಬರು ಸವಾರರು.

"ಅಮೋಗೆಪ್ಪ, ನನ್ನ ಹುಲ್ಲಿನಲ್ಲಿ ವಿಷ ಇತ್ತೇನು? ನಾನು ಕೊಟ್ಟ ನೆಲ ಒದ್ದು ಬಂದೆಯಲ್ಲ."

ಅಮೋಗೆಪ್ಪ ಬಾಯಿ ತೆರೆಯುವ ಮೊದಲೇ ಕೆಂಚವ್ವ ಮುಂದೆ ಬಂದಳು. "ಒಡೆಯಾ, ನಮ್ಮದೇನೂ ತಪ್ಪಿಲ್ರಿ. ಈ ಹುಡುಗಿ ಬಂದ ಮ್ಯಾಲ ಮರಿ ಓಲಾಡಿದವು, ಉಣ್ಣಿ ಕೆಂಪಾತು. ನೀವ ನೋಡ್ರಿ ಬೇಕಾದರ," ಅಂತ ಹತ್ತಿರವಿದ್ದ ಒಂದು ಕುರಿಯನ್ನು ಕಿವಿ ಹಿಡಿದು ಎಳೆದು, ಬೆನ್ನ ಮೇಲಿನ ಉಣ್ಣೆಯನ್ನು ಎರಡೂ ಕೈಯಿಂದ ಸೀಳಿ ತೋರಿಸಿದಳು.

ತೋರಿಸಿದವಳು ಹಾಗೇ ನಿಂತಳು.

ಉಣ್ಣೆಯ ತುದಿ ತುಕ್ಕಿನ ಬಣ್ಣ, ಸರಿ. ಅದರ ಕೆಳಗೆ, ಚರ್ಮದ ಹತ್ತಿರ, ಎರಡು ಬೆರಳಿನಷ್ಟು, ಕಾಡಿಗೆ ಕಪ್ಪು. ಹೊಸದಾಗಿ ಹುಟ್ಟಿ ಬರುತ್ತಿರುವ ಉಣ್ಣೆ. ಕೆಂಚವ್ವ ಬೆರಳಲ್ಲಿ ಮುಟ್ಟಿದಳು. ಮೆತ್ತಗೆ, ಸುರುಳಿ ಸುರುಳಿ. ಆ ಕುರಿ ಬಿಟ್ಟಳು, ಇನ್ನೊಂದು ಹಿಡಿದಳು. ಅದರದೂ ಹಾಗೇ. ಮತ್ತೊಂದು. ಅದರದೂ ಹಾಗೇ. ಹುಟ್ಟಿದಾಗಿನಿಂದ ಉಣ್ಣೆ ಹಿಂಜಿದ ಬೆರಳು, ಅದಕ್ಕೆ ಸುಳ್ಳು ಹೇಳಲು ಯಾರಿಂದಾಗುತ್ತದೆ?

"ಏನಾಯಿತು, ಮಾತು ನಿಂತಿತಲ್ಲ?" ಅಂದ ರಾಜ.

ಕೆಂಚವ್ವ ಕುರಿಯ ಬೆನ್ನಿಂದ ಕೈ ತೆಗೆಯದೆ ಹೇಳಿದಳು. "ನಾ ತಪ್ಪು ಹೇಳಿದೆ ಒಡೆಯಾ. ಉಣ್ಣಿ ಬ್ಯಾರೇನ ಹೇಳಾಕತ್ತೈತಿ. ಬೇಲ್ಯಾಗ ಇದ್ದಾಗಿಂದು ಕೆಂಪು. ಗುಡ್ಡಕ್ಕ ಬಂದ ಮ್ಯಾಲಿಂದು ಕಪ್ಪು. ಹುಡುಗಿ ಎರಡೂ ಕಡಿ ಇದ್ದಳು."

ಅಮೋಗೆಪ್ಪ ಆಗ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಕುರಿ ಕೊಂದವನು ನಾನ್ರಿ. ಸೊಸಿ ತಂದದ್ದು ಒಂದು ಚಕ್ಕಿ. ಚೀಲ ತಂದವ ನಾನು."

ರಾಜ ಕುದುರೆಯಿಂದ ಇಳಿದ. ತಾನೂ ಒಂದು ಕುರಿಯ ಉಣ್ಣೆ ಬಿಡಿಸಿ ನೋಡಿದ. "ಹಾಗಾದರೆ ನನ್ನ ಹುಲ್ಲಿಗೆ ಏನು ಕಡಿಮೆ, ತಂಗಿ?" ಅಂತ ಮಾಳವ್ವನನ್ನು ಕೇಳಿದ.

"ಹುಲ್ಲು ಚಲೋ ಐತ್ರಿ. ಹೊಟ್ಟಿ ತುಂಬತೈತಿ. ಅದರಾಗ ಯಾವುದೋ ಒಂದು ಇಲ್ರಿ. ಹೆಸರು ನನಗ ಗೊತ್ತಿಲ್ಲ. ಉಗುರಿನ ಸಂದಿಯಷ್ಟು ಬೇಕು, ಅಷ್ಟ. ಅದು ಈ ಗುಡ್ಡದ ಮಣ್ಣಾಗ ಐತಿ, ಇಲ್ಲಿ ಗಿಡದಾಗ ಐತಿ."

"ಅಷ್ಟೇ ತಾನೆ? ಬಂಡಿಗಟ್ಟಲೆ ತರಿಸಿ ಹುಲ್ಲುಗಾವಲಿಗೆ ಸುರಿಸುತ್ತೇನೆ."

"ಬ್ಯಾಡ್ರೀ ಯಪ್ಪಾ. ನಮ್ಮ ಮಾವ ಚೀಲ ತಂದದ್ದಕ್ಕ ಅರ್ಧ ದೊಡ್ಡಿ ಖಾಲಿ ಆತು. ನೀವು ಬಂಡಿ ತಂದರ ನಾವು ಮಂದೀನೂ ಉಳಿಯೂದಿಲ್ಲ."

ಸವಾರರು ಮುಖ ಮುಚ್ಚಿಕೊಂಡು ನಕ್ಕರು. ರಾಜನೂ ನಕ್ಕ. "ಆಗಲಿ. ಉಣ್ಣೆ ಒಂದು ಮಾತು ಹೇಳಿತು. ಮರಿ ಏನು ಹೇಳುತ್ತದೋ ನೋಡಿಯೇ ಹೋಗುತ್ತೇನೆ," ಅಂತ ಅಲ್ಲಿದ್ದ ಒಂದೇ ಒಂದು ಬೇವಿನ ಮರದ ಕೆಳಗೆ ಕಂಬಳಿ ಹಾಸಿಸಿಕೊಂಡು ಕೂತ. ಕುರಿಗಳು ತುಂಬಿದ ಬಸುರು, ಇವತ್ತೋ ನಾಳೆಯೋ ಅನ್ನುವ ಹಾಗಿದ್ದವು.

ಮಾರನೇ ದಿನ ಬಿಸಿಲೇರುವ ಹೊತ್ತಿಗೆ ಮುದಿ ಕುರಿ ಒಂದು ಕಡೆ ನಿಂತು ನೆಲ ಕೆರೆಯಿತು. ಮಾಳವ್ವ ಹತ್ತಿರ ಹೋದಳು. ಮರಿ ಹೊರಗೆ ಬಂತು. ತಾಯಿ ನೆಕ್ಕಿತು. ಮರಿ ತಲೆ ಕೊಡವಿತು, ಮುಂಗಾಲು ಊರಿತು, ಹಿಂಗಾಲು ಎತ್ತಿತು. ಅತ್ತ ಓಲಿತು, ಇತ್ತ ಓಲಿತು, ದೊಪ್ಪನೆ ಬಿತ್ತು.

ಮಾಳವ್ವ ಗಂಟು ಎಲ್ಲಿಟ್ಟಿದ್ದೇನೆ ಅಂತ ನೆನಪು ಮಾಡಿಕೊಂಡಳಂತೆ. ಕೆಂಚವ್ವ ಮಾತ್ರ ಕಣ್ಣು ಕಿರಿದು ಮಾಡಿ ಮರಿಯನ್ನೇ ನೋಡುತ್ತಿದ್ದಳು.

"ತಡೀರಿ. ಹುಟ್ಟಿದ ಕೂಸು ಯಾವುದು ಒಮ್ಮೆಲೆ ನಿಂತೈತಿ? ನನ್ನ ಮಗ ವರ್ಷ ತಗೊಂಡ," ಅಂದಳು.

ಮರಿ ಮತ್ತೆ ಮುಂಗಾಲು ಊರಿತು. ಹಿಂಗಾಲು ಎತ್ತಿತು. ನಡುಗಿತು. ನಿಂತಿತು. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ, ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯಿತು. ಅಮೋಗೆಪ್ಪ ರುಮಾಲಿನಿಂದ ಕಣ್ಣೊರೆಸಿಕೊಂಡ. ಧೂಳು ಬಿತ್ತು ಅಂದ. ಗಾಳಿಯೇ ಇರಲಿಲ್ಲ.

ಆ ಸಲ ಒಂದೆರಡು ಮರಿ ಓಲಾಡಿದವು, ಇಲ್ಲ ಅನ್ನಬಾರದು. ತೀರಾ ಸೊರಗಿದ ತಾಯಿಗಳ ಮರಿ ಅವು. ಉಳಿದವೆಲ್ಲ ನಿಂತವು, ನಡೆದವು, ಸಂಜೆಯೊಳಗೆ ರಾಜನ ಕಂಬಳಿಯ ಮೇಲೆ ಹತ್ತಿ ಕುಣಿದು ಹಿಕ್ಕೆ ಹಾಕಿದವು. ಆ ವರ್ಷ ನೇಯ್ದ ಕಂಬಳಿ ಕಪ್ಪೂ ಅಲ್ಲ ಕೆಂಪೂ ಅಲ್ಲ, ಎರಡೂ ಬೆರೆತ ಬಣ್ಣ. ರಾಜ ಅದನ್ನೇ ಹಾಸಿಕೊಂಡು ಕೂತ. ಅದರ ಮುಂದಿನ ವರ್ಷದ್ದು ಅಮಾವಾಸ್ಯೆ ಕಪ್ಪು. ಬೇಲಿಯನ್ನು ಗುಡ್ಡದ ಕಡೆಗೆ ಅವನೇ ನಿಂತು ಕೀಳಿಸಿದನಂತೆ. ಕುರಿ ಮಳೆಗಾಲಕ್ಕೆ ಹುಲ್ಲಿಗೆ ಬರುವುದು, ಸುಗ್ಗಿ ಮುಗಿದರೆ ಗುಡ್ಡ ಹತ್ತುವುದು. ಕಲ್ಲನ್ನು ಮನೆಗೆ ತರಬಾರದು, ಕುರಿಯನ್ನೇ ಕಲ್ಲಿನ ಹತ್ತಿರ ನಡೆಸಿಕೊಂಡು ಹೋಗಬೇಕು ಅಂತ ಕುರುಬರಲ್ಲಿ ಕಟ್ಟಳೆಯಾಯಿತು.

ಮೊದಲ ಮರಿ ನಿಂತ ಆ ಮಧ್ಯಾಹ್ನ ಮಾಳವ್ವ ಇನ್ನೂ ಮರಿಯ ಹತ್ತಿರವೇ ಕೂತಿದ್ದಳು, ಎದ್ದರೆ ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ. ಕಲ್ಲು ಹೂಡಿದ ಒಲೆಯ ಮುಂದಿನಿಂದ ಅತ್ತೆಯ ದನಿ ಬಂತು. ಈ ಸಾರಿ ಗಾಳಿಗೆ ಹೇಳಿದ್ದಲ್ಲ.

"ಮಾಳವ್ವಾ, ಅಲ್ಲೇ ಕುಂತರ ಹಿಟ್ಟು ಯಾರು ನಾದಬೇಕು? ಮನಿ ಸೊಸಿ ಕುಂತು, ಅತ್ತಿ ರೊಟ್ಟಿ ಬಡದರ ನೋಡಿದವರು ಏನಂದಾರು?"

"ಬಂದೆ ಅತ್ತಿ," ಅಂತ ಮಾಳವ್ವ ಕೈ ತೊಳೆದುಕೊಂಡು ಎದ್ದಳು.

ಆ ಕುರಿ ಆ ಗುಡ್ಡ ಹತ್ತಿದವು, ಈ ಕಥೆ ಈ ಹೊಸ್ತಿಲಿಗೆ ಇಳಿಯಿತು. ಅಲ್ಲಿಯ ಮರಿ ಅಲ್ಲಿ ಸುಖವಾಗಿರಲಿ, ಇಲ್ಲಿಯ ಮಕ್ಕಳು ಇಲ್ಲಿ ಸುಖವಾಗಿರಲಿ.